ಅರಗಿನ ಬಟ್ಟಲಿಗೆ ಬಿಸಿ ಸಾರು

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಅವರ ಶೋಕೇಸಿನ ಕಡೆಗೆ. ಇದು ಒಳ್ಳೆಯ ಅಭ್ಯಾಸವಲ್ಲ, ಗೊತ್ತಿದೆ. ಆದರೆ ಆಸ್ಟ್ರೇಲಿಯಾದ ಕನ್ನಡಿಗರ ಮನೆಗಳಲ್ಲಿ ಶೋಕೇಸು ನೋಡದೆ ಇರುವುದು ಕಷ್ಟ, ಚಪ್ಪಲಿ ಬಿಟ್ಟು ತಲೆ ಎತ್ತಿದರೆ ಅದೇ ಎದುರಿಗಿರುತ್ತದೆ. ಒಂದು ಗಂಧದ ಆನೆ, ಮಕ್ಕಳಿಗೆ ಈಜಿನಲ್ಲಿ ಬಂದ ಪದಕ, ಬಟ್ಟೆಯ ಕೊವಾಲ, ಅವುಗಳ ನಡುವೆ ಚನ್ನಪಟ್ಟಣದ ಗೊಂಬೆ. ನಾನು ಹುಟ್ಟಿದ್ದು ಮೈಸೂರಿನಲ್ಲಾದರೂ ಸೊಸೆಯಾಗಿ ಹೋದದ್ದು ಚನ್ನಪಟ್ಟಣದ ಗೊಂಬೆ ಮಾಡುವವರ ಮನೆಗೆ. ಹಾಗಾಗಿ ಅವು ನನಗೆ ಗೊಂಬೆಗಳಲ್ಲ, ನೆಂಟರು. ನೆಂಟರನ್ನು ಯಾರು ಹೇಗೆ ನೋಡಿಕೊಂಡಿದ್ದಾರೆ ಎಂದು ಇಣುಕಿ ನೋಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಮ್ಮ ಮನೆಯ ಗೊಂಬೆಯ ಗತಿಯೇನು ಎಂದು ನೀವು ಕೇಳಬಹುದು. ನನ್ನ ಗಂಡ ಮಂಜುವಿನ ಕೆಲಸ ನಮ್ಮನ್ನು ಮೂರು ಊರು ಸುತ್ತಿಸಿದೆ. ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿದ್ದಾಗ ಗೊಂಬೆಯನ್ನು ಕಿಟಕಿಯ ಬಳಿ ಇಟ್ಟೆ. ಅಲ್ಲಿನ ಬಿಸಿಲು ಅದರ ಹಳದಿಯನ್ನೆಲ್ಲ ಹೀರಿಬಿಟ್ಟಿತು. ಅರಿಶಿನದಿಂದ ಬಂದ ಬಣ್ಣ, ಬಿಸಿಲಿಗೆ ತಡೆಯುವುದಿಲ್ಲ. ಬ್ರಿಸ್ಬೇನಿನ ಫಾರೆಸ್ಟ್ ಲೇಕ್‌ನಲ್ಲಿ, ಯಾರೋ ತೋಡಿ ತುಂಬಿಸಿದ ಕೆರೆಯ ದಡದಲ್ಲಿ ಮನೆ ಮಾಡಿದೆವು. ಅಲ್ಲಿನ ತೇವಕ್ಕೆ ಗೊಂಬೆಯ ಹೊಳಪಿನ ಮೇಲೆ ಬಿಳಿಯ ಮಬ್ಬು ಬಂತು. ಈಗ ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿದ್ದೇವೆ. ಇಲ್ಲಿನ ಒಣ ಗಾಳಿಗೆ ಮರವೇ ಸೀಳಿತು. ಒಂದೇ ಗೊಂಬೆ ಮೂರು ಊರಿನಲ್ಲಿ ಮೂರು ಥರ ಕೆಟ್ಟಿತು. ಗೊಂಬೆಯ ಯಜಮಾನರ ಬಗ್ಗೆಯೂ ಇದೇ ಮಾತು ಹೇಳಿದರೆ ಮಂಜುವಿಗೆ ಸಿಟ್ಟು ಬರುತ್ತದೆ, ಆದ್ದರಿಂದ ಹೇಳುವುದಿಲ್ಲ.

ಅರಗಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅರಗು ಒಂದು ಪುಟ್ಟ ಹುಳು ಮರದ ಕೊಂಬೆಯ ಮೇಲೆ ಬಿಡುವ ಅಂಟು. ಅದಕ್ಕೆ ಬಣ್ಣ ಬೆರೆಸಿ ಕಡ್ಡಿ ಮಾಡಿಕೊಳ್ಳುತ್ತಾರೆ. ಮರದ ತುಂಡು ಯಂತ್ರದ ಮೇಲೆ ಗಿರ್ರನೆ ತಿರುಗುತ್ತಿರುವಾಗ ಈ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಹೊಳಪು. ಬಿಸಿಯಿಂದ ಹುಟ್ಟಿದ ಬಣ್ಣ ಬಿಸಿಯಿಂದಲೇ ಸಾಯುತ್ತದೆ. ಅರಗಿನ ಮನೆಗೆ ಬೆಂಕಿ ಬಿದ್ದರೆ ಏನಾಗುತ್ತದೆ ಎಂದು ಅಜ್ಜಿಯ ತೊಡೆಯ ಮೇಲೆ ಕುಳಿತು ಕೇಳಿದವಳೇ ನಾನು. ಆದರೂ ಮದುವೆಯಾಗಿ ಹೋದ ಹೊಸದರಲ್ಲಿ ಬಿಸಿ ಕಾಫಿ ಲೋಟವನ್ನು ಅರಗಿನ ಬಣ್ಣದ ಮಣೆಯ ಮೇಲೆ ಇಟ್ಟುಬಿಟ್ಟೆ. ಮನೆಯಲ್ಲಿದ್ದ ನಾಲ್ಕು ಜನ ನಾಲ್ಕು ಕಡೆಯಿಂದ ಕೈ ಚಾಚಿ ಓಡಿ ಬಂದರು. ಮಗು ಬಾವಿಯ ಕಡೆಗೆ ಅಂಬೆಗಾಲಿಟ್ಟರೆ ಹೇಗೆ ಓಡುತ್ತಾರೋ ಹಾಗೆ. ಆ ಮನೆಯಲ್ಲಿ ಬಿಸಿ ಪಾತ್ರೆ ಕಂಡರೆ ಯೋಚನೆಗಿಂತ ಮೊದಲು ಕೈ ಏಳುತ್ತದೆ.

ಆ ಕೈಗಳಲ್ಲಿ ಎಲ್ಲಕ್ಕಿಂತ ಮೊದಲು ಬಂದದ್ದು ನಮ್ಮ ಮಾವ ಶಿವಣ್ಣನವರದು. ಮೀಸೆ ಚಿಗುರುವ ಮೊದಲೇ ಯಂತ್ರದ ಮುಂದೆ ಕುಳಿತವರು, ಸೊಂಟ ಬೇಡವೆನ್ನುವ ತನಕ ಏಳಲಿಲ್ಲ. ಪ್ಲಾಸ್ಟಿಕ್ಕಿನ ಆಟಿಕೆ ಬಂದು ಅಂಗಡಿಗಳು ಮುಖ ತಿರುಗಿಸಿದ ಮೇಲೂ ಕುಂಕುಮದ ಭರಣಿ, ಬಾಗಿಲ ತೋರಣದ ಮಣಿ ಎಂದು ಏನಾದರೂ ಮಾಡುತ್ತಲೇ ಇದ್ದರು. ಮಾವನಿಗೆ ಒಂದು ನಂಬಿಕೆ. ಅದು ಅವರೊಬ್ಬರದಲ್ಲ, ಊರಿನದು. ಹಿಂದೆ ಆ ಊರಿನ ಹಿರಿಯರೊಬ್ಬರು ಹಡಗು ಹತ್ತಿ ಜಪಾನಿಗೆ ಹೋಗಿ, ಅಲ್ಲಿನವರ ಬಳಿ ಈ ಕೆಲಸದ ಸೂಕ್ಷ್ಮಗಳನ್ನು ಕಲಿತು ಬಂದು ಊರಿಗೆಲ್ಲ ಕಲಿಸಿದರಂತೆ. ಆದ್ದರಿಂದ ಜಪಾನ್ ಎಂದರೆ ಮಾವನಿಗೆ ಕಾರು ಅಲ್ಲ, ಟಿವಿ ಅಲ್ಲ, ಗುರುಮನೆ. ಸುದ್ದಿಯಲ್ಲಿ ಅಲ್ಲಿ ಭೂಕಂಪವಾಯಿತೆಂದರೆ ಊಟ ಬಿಟ್ಟು ಕೂರುತ್ತಿದ್ದರು.

ಕಳೆದ ವರ್ಷ ಮಾವ ವಿಸಿಟರ್ ವೀಸಾದಲ್ಲಿ ನಮ್ಮ ಮನೆಗೆ ಬಂದಿದ್ದಾಗ, ನಾನು ಕೆಲಸ ಮಾಡುವ ಶಾಲೆಯ ಲೈಬ್ರರಿಗೆ ಒಂದು ಭಿತ್ತಿಪತ್ರ ಬಂತು. ಜಪಾನಿನ ಬಟ್ಟಲು ಮಾಡುವವರೊಬ್ಬರು ಅಡಿಲೇಡಿಗೆ ಬರುತ್ತಾರೆ, ಶನಿವಾರ ಅವರ ಪ್ರಾತ್ಯಕ್ಷಿಕೆ ಇದೆ ಎಂದು. ಮನೆಗೆ ಬಂದು ಹೇಳಿದೆ.

"ನಮ್ಮಂತೋರ್ನ ಒಳಕ್ಕೆ ಬಿಡ್ತಾರೇನಮ್ಮ?" ಎಂದರು ಮಾವ.

"ಯಾರು ಬೇಕಾದ್ರೂ ಹೋಗ್ಬೋದು ಮಾವ."

ಶನಿವಾರ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಮಗನ ಮದುವೆಯ ಕೋಟು ತೊಟ್ಟು ಬಂದರು. ಕೈಯಲ್ಲಿ ಸೂಪರ್‌ಮಾರ್ಕೆಟ್ಟಿನ ಚೀಲ. ಅದರೊಳಗೆ ಅವರೇ ಮಾಡಿದ, ಮುಚ್ಚಳವಿರುವ ಕೆಂಪು ಕುಂಕುಮದ ಭರಣಿ, ಎರಡು ಬಾಳೆಹಣ್ಣು, ಎಲೆ ಅಡಿಕೆ. "ಗುರುಮನೆಯೋರು. ಕೈಗೆ ಕೊಟ್ಟು ಕಾಲು ಮುಟ್ಟಿ ಬತ್ತೀನಿ. ನಮ್ಮಪ್ಪಂಗೆ ಆಗ್ಲಿಲ್ಲ, ನಂಗಾದ್ರೂ ಆಗ್ಲಿ" ಎಂದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ. ಜಪಾನಿನವರಿಗೆ ಕಾಲು ಮುಟ್ಟುವುದು ಹಿಡಿಸುತ್ತದೋ ಇಲ್ಲವೋ ಎಂದು ನನಗೊಂದು ಚಿಂತೆ. ಮಂಜು ಕಂಪ್ಯೂಟರಿನಿಂದ ತಲೆ ಎತ್ತದೆ "ಎಂಜಾಯ್" ಎಂದ.

ಆ ಬಟ್ಟಲುಗಳನ್ನು ನೀವು ನೋಡಬೇಕಿತ್ತು. ಹೊರಗೆ ಕಪ್ಪು, ಒಳಗೆ ಕೆಂಪು. ಕಣ್ಣಿಗೆ ಕಲ್ಲಿನಂತೆ ಭಾರ, ಎತ್ತಿದರೆ ಉಬ್ಬಿದ ಪೂರಿಯಷ್ಟು ಹಗುರ. ಸಾಲಾಗಿ ನಿಂತು ಒಂದೊಂದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಲು ಬಿಟ್ಟರು. ಅಲ್ಲಿನವರು ಈ ಬಟ್ಟಲನ್ನು ಕೈಯಲ್ಲೇ ಎತ್ತಿ ಹಿಡಿದು, ಅಂಚಿಗೆ ತುಟಿ ತಾಗಿಸಿ ಕುಡಿಯುತ್ತಾರಂತೆ. ತುಟಿಗೆ ಒರಟಾಗದಿರಲೆಂದೇ ಅಂಚಿಗೆ ಅಷ್ಟು ಉಪಚಾರ. ನಮಗೋ, ತುಟಿ ತಾಗಿದರೆ ಎಂಜಲು. ಲೋಟವನ್ನು ಗೇಣುದ್ದ ಮೇಲೆತ್ತಿ ಗಂಟಲಿಗೆ ಗುರಿಯಿಟ್ಟು ಸುರಿದುಕೊಳ್ಳುವ ಜನ ನಾವು. ಮೇಲಾಗಿ ನಮ್ಮ ಸ್ಟೀಲ್ ಲೋಟ ಬಿಸಿಯನ್ನು ಮೊದಲು ಬೆರಳಿಗೆ ಕೊಟ್ಟು ಆಮೇಲೆ ನಾಲಿಗೆಗೆ ಕೊಡುತ್ತದೆ. ಸೆರಗಿನ ತುದಿ ಇಲ್ಲದಿದ್ದರೆ ಕನ್ನಡನಾಡಿನ ಹೆಂಗಸರು ಬಿಸಿ ಕಾಫಿಯನ್ನೇ ಕಾಣುತ್ತಿರಲಿಲ್ಲವೇನೋ. ಕುಡಿಯುವವರ ತುಟಿಯನ್ನು ನೆನೆದು ಪಾತ್ರೆ ಮಾಡಿದವರು ಇದ್ದಾರಲ್ಲ ಎಂದು ನನಗೆ ಹೊಟ್ಟೆಕಿಚ್ಚೇ ಆಯಿತು.

ಮಾವ ಬಟ್ಟಲನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಉಗುರಿನಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟರು. ಹಿಂದೆ ನಿಂತಿದ್ದ ಹೆಂಗಸು ಕೆಮ್ಮಿದಳು. ಮಾವ ಅದನ್ನು ಎರಡೂ ಕೈಯಿಂದ ಮೇಜಿನ ಮೇಲಿಟ್ಟು, ಆ ಕೈಗಳನ್ನು ಕಣ್ಣಿಗೊತ್ತಿಕೊಂಡರು.

ಬಟ್ಟಲು ಮಾಡುವವರಿಗೆ ಐವತ್ತು ದಾಟಿರಬಹುದು. ಸಣಕಲು ಮೈ, ನಗದ ಮುಖ. ಅವರು ಜಪಾನಿಯಲ್ಲಿ ಹೇಳುವುದು, ಪಕ್ಕದಲ್ಲಿದ್ದ ದುಭಾಷಿ ಇಂಗ್ಲಿಷಿಗೆ ತಿರುಗಿಸುವುದು, ಅದನ್ನು ನಾನು ಮಾವನ ಕಿವಿಯಲ್ಲಿ ಕನ್ನಡಕ್ಕೆ ತಿರುಗಿಸುವುದು. ಮಾತು ಮಾವನಿಗೆ ಮುಟ್ಟುವಷ್ಟರಲ್ಲಿ ಹಳಸಿರುತ್ತಿತ್ತು. ಅವರ ಬಣ್ಣ ಹುಳುವಿನದಲ್ಲ, ಮರದ ಹಾಲು. ತೊಗಟೆಗೆ ಗೀರು ಹಾಕಿ ಹನಿ ಹನಿಯಾಗಿ ಕೂಡಿಸುತ್ತಾರೆ. ಹಸಿ ಹಾಲು ತಾಗಿದರೆ ಮೈಯೆಲ್ಲ ಬೊಕ್ಕೆ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಟ್ಟುಕೊಂಡವರಿಗೆ ಇದು ಗೊತ್ತಿರುತ್ತದೆ, ಅದೇ ಬಳಗದ ಮರವಂತೆ. ಒಬ್ಬರು ಮರ ಕಡೆಯುತ್ತಾರೆ, ಒಬ್ಬರು ತೆಳ್ಳನೆಯ ಬಟ್ಟೆಯನ್ನು ಆ ಹಾಲಿನಲ್ಲಿ ಅದ್ದಿ ಅಂಚಿಗೆ ಸುತ್ತುತ್ತಾರೆ, ಒಬ್ಬರು ಬಳಿಯುತ್ತಾರೆ, ಉಜ್ಜುತ್ತಾರೆ, ಮತ್ತೆ ಬಳಿಯುತ್ತಾರೆ. ಕೊನೆಯ ಬಳಿತ ಮಾಡುವವರು ಧೂಳು ಹಾರೀತೆಂದು ಆ ಕೋಣೆಗೆ ಯಾರನ್ನೂ ಬಿಡುವುದಿಲ್ಲ. ಮಾವ ಒಂದೊಂದಕ್ಕೂ ತಲೆದೂಗುತ್ತಿದ್ದರು. ಕಲಿಯಲು ಬೇರೆ ಬೇರೆ ದೇಶದಿಂದ ಹುಡುಗ ಹುಡುಗಿಯರು ಬರುತ್ತಾರೆ, ಎಲ್ಲರಿಗೂ ಜಾಗ ಕೊಡಲು ಆಗುವುದಿಲ್ಲ ಎಂದಾಗ ಮಾತ್ರ ತಲೆ ನಿಂತಿತು. "ತಾವಾಗೇ ಬತ್ತಾರಂತಾ? ಕಲೀತೀವಿ ಅಂತ?" ಎಂದು ಮತ್ತೆ ಮತ್ತೆ ಕೇಳಿದರು.

ನನಗೆ ಒಳಗೊಳಗೇ ಕುದಿಯುತ್ತಿತ್ತು. ಎಂಥ ಮೌನ ಆ ಸಭಾಂಗಣದಲ್ಲಿ. ನಿವೃತ್ತ ಹೆಂಗಸರು, ಗಂಡಸರು, ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಬ್ರಿಸ್ಬೇನಿನಲ್ಲಿ ನಮ್ಮ ಕನ್ನಡ ಸಂಘದ ಹಬ್ಬದಲ್ಲಿ ನಾನು ಚನ್ನಪಟ್ಟಣದ ಗೊಂಬೆಗಳ ಮೇಜು ಹಾಕಿದ್ದೆ. ನಮ್ಮವರೇ ಬಂದು ಮಗುವಿನ ಕೈಯಿಂದ ಗೊಂಬೆ ಕಿತ್ತು ಇಟ್ಟು, "ಇದು ಊರಲ್ಲೇ ಸಿಗತ್ತೆ ಪುಟ್ಟ" ಎಂದು ಐಸ್‌ಕ್ರೀಮಿನ ಕಡೆಗೆ ಕರೆದುಕೊಂಡು ಹೋದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಗಿಡ ಹಿತ್ತಲು ಬಿಟ್ಟು ಸಮುದ್ರ ದಾಟಿ ಬಂದರೂ ಮದ್ದಾಗಲಿಲ್ಲ.

ಹಾಲು ಬಳಿದ ಬಟ್ಟಲನ್ನು ಒಣಗಿಸುವುದು ಬಿಸಿಲಿನಲ್ಲಲ್ಲ, ತೇವ ತುಂಬಿದ ಬೀರುವಿನಲ್ಲಿ ಎಂದು ದುಭಾಷಿ ಹೇಳಿದಳು. ಇದನ್ನು ಮಾವ ಒಪ್ಪಲಿಲ್ಲ.

"ತೇವದಲ್ಲಿ ಒಣಗ್ತದಾ? ಸರ್ಯಾಗಿ ಕೇಳ್ಕೊಂಡ್ಯೇನಮ್ಮ?"

"ಹಾಗೇ ಅಂದ್ರು ಮಾವ. ತೇವ ಇದ್ರೇನೇ ಗಟ್ಟಿಯಾಗತ್ತಂತೆ."

ನಾವು ಹೀಗೆ ಬೀರುವಿನಲ್ಲೇ ಸಿಕ್ಕಿಹಾಕಿಕೊಂಡಿದ್ದಾಗ ವೇದಿಕೆಯ ಮೇಲೆ ಮಾತು ಮುಂದೆ ಹೋಗಿತ್ತು. ಒಮ್ಮೆ ಗಟ್ಟಿಯಾದ ಮೇಲೆ ಈ ಬಣ್ಣ ಬಿಸಿಗೆ ಜಗ್ಗುವುದಿಲ್ಲ, ದಿನವೂ ಬಳಸಿದಷ್ಟೂ ಚೆನ್ನ, ಈಗ ತೋರಿಸುತ್ತೇನೆ ಎಂದು ಆತ ಹೇಳಿದ್ದರಂತೆ. ಆ ಮಾತು ಮಾವನಿಗೆ ತಲುಪಲೇ ಇಲ್ಲ. ಮಾವ ತಲೆ ಎತ್ತಿದಾಗ ಕಂಡದ್ದು ಇಷ್ಟು: ಗುರುಮನೆಯವರು ಒಂದು ಕೆಟಲ್ ಎತ್ತಿದ್ದಾರೆ, ಅದರ ಮೂತಿಯಿಂದ ಹಬೆ ಏಳುತ್ತಿದೆ, ಕುದಿಯುವ ಸೋಯಾ ಸಾರು ಆ ಕಪ್ಪು ಬಟ್ಟಲಿನೊಳಗೆ ಬೀಳಲಿದೆ.

ನಾವು ಕುಳಿತಿದ್ದು ಮೊದಲ ಸಾಲಿನಲ್ಲಿ. ಮಾವ ಎದ್ದದ್ದು ನನಗೆ ಗೊತ್ತಾಗಲಿಲ್ಲ, ಸೊಂಟ ನೋವಿನ ಮನುಷ್ಯ ಅಷ್ಟು ಬೇಗ ಎದ್ದದ್ದನ್ನು ನಾನು ಕಂಡೇ ಇಲ್ಲ. "ಅರಗು ಸ್ವಾಮಿ, ಅರಗು" ಎನ್ನುತ್ತ ಬಟ್ಟಲಿನ ಮೇಲೆ ತಮ್ಮ ಅಂಗೈ ಅಡ್ಡ ಹಿಡಿದುಬಿಟ್ಟರು. ಸಾರು ಅವರ ಕೈಮೇಲೆ ಬಿತ್ತು. ಬಟ್ಟಲು ಉರುಳಿ ನೆಲಕ್ಕೆ ಹೋಯಿತು. ಆತ ಕೆಟಲನ್ನು ಎತ್ತಿ ಹಿಂದಕ್ಕೆ ಸರಿದರು.

ಸಭೆಯಲ್ಲಿ ಆಗ ಎಲ್ಲರ ಕಣ್ಣೂ ಹೋದದ್ದು ಬಟ್ಟಲಿನ ಕಡೆಗೆ. ಆ ಜಪಾನಿನವರೊಬ್ಬರೇ ಮಾವನ ಕೈ ನೋಡಿದರು. ಬಟ್ಟಲಿಗೆ ಏನೂ ಆಗಿರಲಿಲ್ಲ. ಮಾವನ ಕೈ ಕೆಂಪಾಗಿತ್ತು. ಸ್ವಯಂಸೇವಕಿಯೊಬ್ಬಳು ಓಡಿ ಬಂದು, ತುಂಬಾ ಮೆತ್ತಗೆ, ಕಳ್ಳನನ್ನೋ ಮಗುವನ್ನೋ ನಡೆಸುವ ಹಾಗೆ ಮಾವನ ಭುಜ ಹಿಡಿದು ಬಾಗಿಲ ಕಡೆಗೆ ಕರೆದೊಯ್ದಳು. ನಾನು ಚೀಲ ಎತ್ತಿಕೊಂಡು ಹಿಂದೆ ಹೋದೆ. ದುಭಾಷಿ ಹಿಂದಿನಿಂದ ಕೂಗಿದಳು: ಆ ಹಿರಿಯರ ಕಸುಬೇನು ಎಂದು ಬಟ್ಟಲು ಮಾಡುವವರು ಕೇಳುತ್ತಿದ್ದಾರೆ. ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ. ನಾನು ತಿರುಗುವಷ್ಟರಲ್ಲಿ ಸ್ವಯಂಸೇವಕಿಯೇ ಉತ್ತರ ಕೊಟ್ಟಳು: ಏನೂ ತೊಂದರೆಯಿಲ್ಲ, ಪಾಪ ಸ್ವಲ್ಪ ಗಲಿಬಿಲಿಯಾಗಿದೆ ಅಷ್ಟೇ. ಬಾಗಿಲು ಮುಚ್ಚಿಕೊಂಡಿತು.

ನಲ್ಲಿಯ ಕೆಳಗೆ ಮಾವನ ಕೈ ಹಿಡಿದು ನಿಂತಿದ್ದಾಗ ಆ ಸ್ವಯಂಸೇವಕಿ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು, "ಇವರಿಗೆ ಆಗಾಗ ಹೀಗೆ ಗೊಂದಲ ಆಗುತ್ತದೆಯೆ, ಡಿಯರ್? ಪರೀಕ್ಷೆ ಮಾಡಿಸಿದ್ದೀರಾ?" ಅವಳ ಕಣ್ಣಿನಲ್ಲಿ ನಿಜವಾದ ಕರುಣೆ ಇತ್ತು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಕರುಣೆಗೆ ಏನು ಮಾಡುವುದು?

"ಏನಂತೆ ಆಯಮ್ಮಂದು?" ಎಂದರು ಮಾವ.

"ಕೈ ತುಂಬಾ ಉರೀತಾ ಅಂತ ಕೇಳ್ತಿದಾರೆ."

"ಇಲ್ಲ ಅನ್ನು." ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ಅವ್ರದ್ದು ಬಿಸಿಗೆ ಕರಗಲ್ವೇನಮ್ಮ?"

"ಕರಗಲ್ವಂತೆ ಮಾವ."

"ಹಂಗಾರೆ ಅದು ಬೇರೇನೇ," ಎಂದರು. "ನಮ್ಮೋರು ಕಲ್ತಿದ್ದು ಬೇರೇನೋ ಇರ್ಬೇಕು." ಚೀಲದಲ್ಲಿದ್ದ ಭರಣಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಾಳೆಹಣ್ಣನ್ನು ಕಾರಿನಲ್ಲಿ ನಾವಿಬ್ಬರೇ ತಿಂದೆವು.

ಮನೆಗೆ ಬಂದು ನಡೆದದ್ದನ್ನೆಲ್ಲ ಮಂಜುವಿಗೆ ಹೇಳಿದೆ. ಆ ಹೆಂಗಸು ಕೇಳಿದ್ದನ್ನು, ನೋಡು ಎಂಥ ಪೆದ್ದು ಎಂದು ನಗಲಿಕ್ಕಾಗಿ ಹೇಳಿದೆ. ಮಂಜು ನಗಲಿಲ್ಲ. "ಗೊಂದಲ ಅಂದ್ರಾ?" ಎಂದ. ಆ ಗಳಿಗೆಯಿಂದ ಅವನಿಗೆ ಅಪ್ಪ ಮಾಡುವುದೆಲ್ಲ ಹೊಸದಾಗಿ ಕಾಣತೊಡಗಿತು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಹುಡುಕಿದರೆ ಗೊಂದಲ. ಪಕ್ಕದ ಮನೆಯ ಬೇಲಿಯ ಮರವನ್ನು ತಟ್ಟಿ ನೋಡಿದರೆ ಗೊಂದಲ. ಅಪ್ಪ ಒಲೆ ಹಚ್ಚಬಾರದು ಎಂದ. ಮಗಳು ಇಂಚರಳನ್ನು ತಾತನ ಜೊತೆ ಒಬ್ಬಳೇ ಪಾರ್ಕಿಗೆ ಕಳಿಸಬೇಡ ಎಂದ. ಇಂಚರ ಬಂದು "ಈಸ್ ತಾತ ಸಿಕ್?" ಎಂದು ಕೇಳಿದಳು. ಆಮೇಲೆ ಮಂಜು ಡಾಕ್ಟರ ಬಳಿ ನೆನಪಿನ ಪರೀಕ್ಷೆಗೆ ಸಮಯ ಗೊತ್ತುಮಾಡಿದ.

"ಅವರಿಗೇನೂ ಆಗಿಲ್ಲ ಮಂಜು. ಅದು ಅರಗು ಅಂದ್ಕೊಂಡ್ರು. ನೀನೂ ಅದೇ ಮನೇಲೇ ಹುಟ್ಟಿದ್ದು ತಾನೇ?"

"ಬಿಸಿ ಸಾರಿಗೆ ಕೈ ಅಡ್ಡ ಹಿಡಿಯೋದು ನಾರ್ಮಲ್ಲಾ? ನೀನೇ ಹೇಳು."

ಮಂಜು ಕೆಟ್ಟ ಮಗನಲ್ಲ. ಅಪ್ಪನಿಗೆ ಬೆಚ್ಚನೆಯ ಹಾಸಿಗೆ, ಒಳ್ಳೆಯ ಶೂ, ಕನ್ನಡ ಚಾನಲ್ಲು ಎಲ್ಲ ಮಾಡಿಕೊಟ್ಟಿದ್ದಾನೆ. ಆದರೆ ಆಫೀಸಿನವರು ಕೇಳಿದರೆ ಅಪ್ಪನದು ಟಿಂಬರ್ ಬಿಸಿನೆಸ್ ಎನ್ನುತ್ತಾನೆ. ಗೊಂಬೆ ಎನ್ನುವ ಮಾತು ಅವನ ಬಾಯಿಗೆ ಬರುವುದಿಲ್ಲ. ಮಾವನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಮನೆಯ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ತಿಳಿಯಲು ಇಂಗ್ಲಿಷ್ ಬೇಕಾಗುವುದಿಲ್ಲ.

ಡಾಕ್ಟರ ಬಳಿ ಹೋಗುವ ಹಿಂದಿನ ದಿನ ಭಾನುವಾರ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತೆವು. ಮಾವ ಒಳಗೆ ಹೋಗಿ ಕುಂಕುಮದ ಭರಣಿಯನ್ನು ತಂದು ತಮ್ಮ ಖಾಲಿ ತಟ್ಟೆಯ ನಡುವೆ ಇಟ್ಟರು. "ಸಾರು ಕುದೀತಾ ಐತೇನಮ್ಮ?" ಎಂದು ಕೇಳಿದರು. ಕುದಿಯುತ್ತಿತ್ತು. ಸೌಟಿನಲ್ಲಿ ತರಿಸಿಕೊಂಡು ನಿಧಾನವಾಗಿ ಭರಣಿಯ ಮೇಲೆ ಹುಯ್ದರು. ಮತ್ತೊಂದು ಸೌಟು ಹುಯ್ದರು. ಕನ್ನಡಿಯ ಹಾಗಿದ್ದ ಕೆಂಪು ನಮ್ಮ ಕಣ್ಣೆದುರಿಗೇ ಮಂಕಾಯಿತು, ಬೆಳ್ಳಗೆ ಮಬ್ಬು ಬಂತು. ಮಾವ ಹೆಬ್ಬೆರಳನ್ನು ಅದರ ಮೇಲೆ ಒತ್ತಿ ಎತ್ತಿದರು. ಬೆರಳಿನ ಗೆರೆಗಳೆಲ್ಲ ಅರಗಿನಲ್ಲಿ ಹಾಗೇ ಉಳಿದವು. ಭರಣಿಯನ್ನು ಮಗನ ಮುಂದೆ ಹಿಡಿದರು.

"ನೋಡ್ಲಾ ಮಂಜ. ಅರಗು ಅಂದ್ರೆ ಇದು. ನಾನು ಅವತ್ತು ಎದ್ದಿದ್ದು ಇದಕ್ಕೆ. ಬೇರೇನೂ ಇಲ್ಲ."

ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಮನುಷ್ಯ ತನ್ನ ಬುದ್ಧಿ ಸರಿಯಿದೆ ಎಂದು ಹೇಗೆ ಹೇಳಬಹುದು, ನನಗೆ ತಿಳಿಯದು. ಮಂಜು ಭರಣಿಯನ್ನು ನೋಡಲಿಲ್ಲ. ತಟ್ಟೆಯಲ್ಲಿ ಹರಿದ ಸಾರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಮುಖ ಬಿಳಿಚಿತ್ತು.

"ನೋಡಿದ್ಯಾ? ಇದನ್ನೇ ನಾನು ಹೇಳ್ತಾ ಇದ್ದಿದ್ದು. ನಾಳೆ ಡಾಕ್ಟರ್ ಹತ್ರ ಇದನ್ನೂ ಹೇಳ್ಬೇಕು," ಎಂದು ಎದ್ದು ಹೋದ.

ನನ್ನ ಬಾಯಿಗೆ ಬಂದದ್ದು ಊಟದ ಮನೆಯಲ್ಲಿ ಆಡುವ ಮಾತಲ್ಲ. ಅವನ ಹಿಂದೆಯೇ ಹೋಗಿ ಆಡಬೇಕೆಂದು ಏಳುವಷ್ಟರಲ್ಲಿ ಮಾವ ಎಡಗೈಯಿಂದ ಕೂರು ಎಂದು ಸನ್ನೆ ಮಾಡಿದರು.

"ಅವ್ನಿಗೆ ಬೈಬ್ಯಾಡ ಕಣಮ್ಮ. ಚಿಕ್ಕೋನಿದ್ದಾಗ ಬಂದು ಬಂದು ಯಂತ್ರದ ಮುಂದೇನೇ ಕೂತ್ಕತಿದ್ದ, ನಂಗೂ ಹೇಳ್ಕೊಡಪ್ಪ ಅಂತ. ಅರಗು ಮುಟ್ಟಿದ್ರೆ ಕೈ ಮುರೀತೀನಿ, ಹೋಗಿ ಓದ್ಕೋ ಅಂತ ಬಡ್ದು ಓಡಿಸ್ದೋನು ನಾನೇ." ತಟ್ಟೆಯನ್ನು ಸರಿಸಿ, ಹೆಬ್ಬೆರಳಿಗೆ ಅಂಟಿದ್ದ ಕೆಂಪನ್ನು ಉಜ್ಜಿ ತೆಗೆಯುತ್ತ ಹೇಳಿದರು, "ಚೆನ್ನಾಗೇ ಓದವ್ನೆ."